ರಸ್ತೆಯಾಚೆ ಬಿಡಿಸಿದ ಮನೆ

ಮಕ್ಕಳ ಪೆನ್ಸಿಲ್ ರಬ್ಬರಿಗೆ ಹಣ್ಣಿನ ವಾಸನೆ ಹಾಕಿ ಮಾರುವ ಬುದ್ಧಿ ಯಾರಿಗೆ ಬಂತೋ ಗೊತ್ತಿಲ್ಲ. ಮೊನ್ನೆ ಮಂಗಳೂರಿನಲ್ಲಿ, ಕಿರಿಯ ಮಗಳ ಫ್ಲಾಟಿನ ಊಟದ ಮೇಜಿನ ಮೇಲೆ ಅವಳ ಪುಟ್ಟ ಹುಡುಗಿ ಚಿತ್ರ ಬಿಡಿಸುತ್ತ, ಅಳಿಸುತ್ತ ಕೂತಿದ್ದಳು. ಸ್ಟ್ರಾಬೆರಿಯ ವಾಸನೆ ಮೂಗಿಗೆ ಬಡಿಯಿತು. ಅದು ಸ್ಟ್ರಾಬೆರಿಯೂ ಅಲ್ಲ, ಕೆಮ್ಮಿನ ಔಷಧಿಗೂ ಚೂಯಿಂಗ್ ಗಮ್ಮಿಗೂ ನಡುವಿನ ಏನೋ ಒಂದು. ಕಾಗದದ ಮೇಲೆ ಬಿದ್ದಿದ್ದ ಕಪ್ಪು ಚೂರುಗಳನ್ನು ಅಂಗೈಗೆ ಗುಡಿಸಿಕೊಳ್ಳಲು ಹೋದ ನನ್ನ ಕೈ ಅಲ್ಲೇ ನಿಂತಿತು. ದೋಹಾದ ನಜ್ಮಾದಲ್ಲಿ ನಾವಿದ್ದ ಮನೆ, ಅದರ ಅಂಗಳದ ಬೋರೆ ಮರ, ಮರದ ಕೆಳಗೆ ಚಾಪೆ ಹಾಕಿ ಕೂತ ಇಬ್ಬರು ಹುಡುಗಿಯರು ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದರು. ಬಂದದ್ದು ಸಂತೋಷ ಕೊಡಲಿಕ್ಕಲ್ಲ. ಇಂಥದೇ ವಾಸನೆಯ ರಬ್ಬರಿನಿಂದ ನಾನು ಒಮ್ಮೆ ಒಂದು ಮನೆಯನ್ನು ಅಳಿಸಿ ಬೇರೆ ಕಡೆ ಬರೆದಿದ್ದೆ. ಅದನ್ನು ಈವರೆಗೆ ಯಾರಿಗೂ ಪೂರ್ತಿ ಹೇಳಿಲ್ಲ.

ನಾನು ದೋಹಾಕ್ಕೆ ಹೋದದ್ದು ಎರಡು ಸಾವಿರದ ಮೂರರ ಸುಮಾರಿಗೆ, ಹಿರಿಯ ಮಗಳ ಮನೆಗೆ. ಮಗಳು ನರ್ಸ್, ಅಳಿಯ ವೆಸ್ಟ್ ಬೇಯ ಒಂದು ಆಫೀಸಿನಲ್ಲಿ ಗುಮಾಸ್ತ. ಇಬ್ಬರೂ ಹೊರಗೆ ಹೋದ ಮೇಲೆ ಮೊಮ್ಮಗಳು ಲವಿನಾಳನ್ನು ನೋಡಿಕೊಳ್ಳಲು ಒಂದು ಜನ ಬೇಕಿತ್ತು, ಆ ಜನ ನಾನು. ಮನೆ ಹಳೆಯದು, ಒಂದೇ ಅಂತಸ್ತು. ಮಾಲೀಕ ನಡುವೆ ಪ್ಲೈವುಡ್ ಹೊಡೆದು ಒಂದು ಮನೆಯನ್ನು ಎರಡು ಮಾಡಿ ಎರಡು ಸಂಸಾರಗಳಿಗೆ ಬಾಡಿಗೆಗೆ ಕೊಟ್ಟಿದ್ದ. ಆ ಪ್ಲೈವುಡ್ಡಿನ ಆಚೆ ಮೈಸೂರಿನ ಕಡೆಯ ರತ್ನ, ಅವಳ ಗಂಡ, ಅವರ ಮಗಳು ಭೂಮಿಕಾ. ಅಂಗಳ, ನಲ್ಲಿ, ಬೋರೆ ಮರ, ಗೇಟು ಎರಡೂ ಮನೆಗೆ ಒಂದೇ. ನಮ್ಮ ಮನೆಯ ಮಾತು ಕೊಂಕಣಿ. ಆದರೆ ಆ ಅಂಗಳಕ್ಕೆ ಇಳಿದರೆ ಎಲ್ಲರದೂ ಕನ್ನಡ. ಬೇಸಿಗೆಯಲ್ಲಿ ಮಾಡಿನ ಮೇಲಿನ ಟ್ಯಾಂಕಿನ ನೀರು ಅಕ್ಕಿ ಬೇಯುವಷ್ಟು ಕಾಯುತ್ತಿತ್ತು. ಗೀಸರ್ ಆರಿಸಿಟ್ಟು, ಅದರೊಳಗೆ ತಣಿದ ನೀರನ್ನು ಹಿಡಿದು ಸ್ನಾನ ಮಾಡಬೇಕು. ಗಲ್ಫಿನಲ್ಲಿ ಇದ್ದವರು ಇದನ್ನು ಓದಿ ನಗುತ್ತೀರಿ, ನಿಮಗೂ ಗೊತ್ತು. ಕಿಟಕಿಯ ಎ.ಸಿ.ಯಿಂದ ತೊಟ್ಟಿಕ್ಕುವ ನೀರನ್ನು ರತ್ನ ಬಕೆಟಿನಲ್ಲಿ ಹಿಡಿದು ಕರಿಬೇವಿನ ಗಿಡಕ್ಕೆ ಹಾಕುತ್ತಿದ್ದಳು. ಆ ಗಿಡದ ಎಲೆ ಅವಳ ಸಾರಿಗೂ ಬೀಳುತ್ತಿತ್ತು, ನನ್ನ ಮೀನಿಗೂ ಬೀಳುತ್ತಿತ್ತು.

ಅವರು ಮೀನು ಮಾಂಸ ತಿನ್ನದವರು. ನಾನು ಬಂಗುಡೆ ಕಾಯಿಸಲು ಹೊರಟರೆ ಕಿಟಕಿ ಹಾಕಿಕೊಳ್ಳುತ್ತಿದ್ದೆ. ಹಾಕಿದರೇನು, ಪ್ಲೈವುಡ್ಡು ವಾಸನೆಯನ್ನು ತಡೆಯುತ್ತದೆಯೇ? ರತ್ನ ಆಚೆಯಿಂದಲೇ ಕೂಗುವಳು, "ಅಮ್ಮಾ, ನಿಮ್ ಬಂಗುಡೆ ಇವತ್ತು ನಮ್ ತಿಳಿಸಾರಿಗೂ ಒಗ್ಗರಣೆ ಹಾಕ್ತು ಕಣ್ರೀ!"

"ನಿನ್ನ ಇಂಗು ನನ್ನ ತಲೆದಿಂಬಿಗೂ ಬಂದಿದೆ ಮಾರಾಯ್ತಿ. ನಾನು ಎಂತಾದರೂ ಹೇಳಿದ್ದೇನಾ?" ಎಂದು ನಾನು.

ಹುಡುಗಿಯರಿಬ್ಬರೂ ಒಂದೇ ವಯಸ್ಸು, ಒಂದೇ ಕ್ಲಾಸು. ಎಂಟು ವರ್ಷದಿಂದ ಹದಿನಾಲ್ಕರವರೆಗೆ ಒಂದೇ ಅಂಗಳದಲ್ಲಿ ಬೆಳೆದರು. ಬೋರೆ ಹಣ್ಣನ್ನು ಭೂಮಿಕಾ ಎಲಚಿ ಎನ್ನುತ್ತಿದ್ದಳು. ಉಪ್ಪು ಖಾರ ಹಚ್ಚಿ ಜಜ್ಜಿ ಇಬ್ಬರೂ ತಿಂದು, ಬೀಜಗಳನ್ನು ಗೋಡೆಯಾಚೆ ಉಗಿದು ಯಾರದು ದೂರ ಬಿತ್ತು ಎಂದು ಜಗಳ. ಲವಿನಾ ತನ್ನ ತಾಯಿಯಂತೆ ನನ್ನನ್ನು ಮಾಂಯ್ ಎನ್ನುತ್ತಿದ್ದಳು, ಭೂಮಿಕಾ ಅಜ್ಜಿ ಎನ್ನುತ್ತಿದ್ದಳು. ಶಾಲೆ ಹತ್ತಿರ. ಮನೆಯ ಮುಂದಿನ ಗಲ್ಲಿ ದಾಟಿ, ದೊಡ್ಡ ರಸ್ತೆ ದಾಟಿ, ಹತ್ತು ನಿಮಿಷ ನಡೆದರೆ ಗೇಟು. ಬೆಳಿಗ್ಗೆ ಇಬ್ಬರ ಕೈಯನ್ನೂ ಹಿಡಿದು ರಸ್ತೆ ದಾಟಿಸುವವಳು ನಾನು, ಮಧ್ಯಾಹ್ನ ಕೊಡೆ ಹಿಡಿದು ಕರೆತರುವವಳು ನಾನು. ಬಲಗೈಗೆ ಒಬ್ಬಳು, ಎಡಗೈಗೆ ಒಬ್ಬಳು. ದೊಡ್ಡವರಾಗಿ ಕೈ ಕೊಡಲು ನಾಚಿಕೆಯಾದ ಮೇಲೂ ರಸ್ತೆ ಬಂದಾಗ ಕೊಡುತ್ತಿದ್ದರು. ಭೂಮಿಕಾಳಿಗೆ ವಾಹನ ಆಗದು. ಶಾಲೆಯವರು ಸಮುದ್ರ ತೋರಿಸಲು ಬಸ್ಸಿನಲ್ಲಿ ಕರೆದುಕೊಂಡು ಹೋದ ದಿನ ಹೋಗುವಾಗಲೂ ಬರುವಾಗಲೂ ವಾಂತಿ ಮಾಡಿಕೊಂಡಿದ್ದಳು. ಗೇಟಿನಲ್ಲಿ ಇಳಿದವಳ ಮುಖ ಒಗೆದ ಬಟ್ಟೆಯಂತಾಗಿತ್ತು. ಆಮೇಲೆ ಟ್ಯಾಕ್ಸಿ ಹತ್ತಬೇಕಾದಾಗಲೆಲ್ಲ ಪ್ಲಾಸ್ಟಿಕ್ ಚೀಲ ಹಿಡಿದು ಅವಳ ಪಕ್ಕ ಕೂರುವವಳೂ ನಾನೇ. ಇದನ್ನು ಯಾಕೆ ಹೇಳುತ್ತೇನೆಂದರೆ, ನನಗೆ ಗೊತ್ತಿರಲಿಲ್ಲ ಎಂದು ನೀವು ತಿಳಿಯಬಾರದು.

ಹುಡುಗಿಯರು ಎಂಟನೆಯ ಕ್ಲಾಸು ಮುಗಿಸುವ ಹೊತ್ತಿಗೆ ಶಾಲೆಯಲ್ಲಿ ಜಾಗ ಸಾಲದಾಯಿತು. ಅವರು ಉಮ್ಮ್ ಸಲಾಲ್ ದಾಟಿ ಎಲ್ಲಿಯೋ ಹೊಸ ಶಾಲೆ ಕಟ್ಟಿದರು. ಹೈಸ್ಕೂಲಿನ ಮಕ್ಕಳನ್ನು ಹಂಚುವುದು ಹೇಗೆ? ದೊಡ್ಡ ರಸ್ತೆಯನ್ನೇ ಗೆರೆ ಮಾಡಿದರು. ರಸ್ತೆಯ ಆಚೆ ಮನೆಯಿದ್ದವರು ಹಳೆಯ ಶಾಲೆಯಲ್ಲೇ ಇರಬಹುದು, ಈಚೆಯವರೆಲ್ಲ ಹೊಸ ಶಾಲೆಗೆ ಬಸ್ಸು ಹತ್ತಬೇಕು. ನಮ್ಮ ಗೇಟಿನಿಂದ ಆ ರಸ್ತೆಗೆ ಇಪ್ಪತ್ತು ಹೆಜ್ಜೆ. ಇಪ್ಪತ್ತು ಹೆಜ್ಜೆಗಾಗಿ ಹತ್ತು ನಿಮಿಷದ ಶಾಲೆ ಬಿಟ್ಟು ಒಂದೂಕಾಲು ಗಂಟೆಯ ಶಾಲೆ. ಈಗಿನ ಹಾಗೆ ಆಗ ದೋಹಾದಲ್ಲಿ ಮನೆ ಹುಡುಕಲು ಗೋಡೆಯ ಮೇಲಿನ ನಂಬರನ್ನು ಯಾರೂ ನೋಡುತ್ತಿರಲಿಲ್ಲ. ಕಾಗದಪತ್ರ ಆಫೀಸಿನ ಪೋಸ್ಟ್ ಬಾಕ್ಸಿಗೆ ಬರುವುದು. ಮನೆ ಎಲ್ಲಿ ಎಂದು ಕೇಳಿದರೆ ಮಸೀದಿಯ ಹಿಂದೆ, ಟೈಲರ್ ಅಂಗಡಿಯ ಎದುರು ಎಂದು ಹೇಳಬೇಕು, ಇಲ್ಲವೆ ಕಾಗದದಲ್ಲಿ ದಾರಿ ಬಿಡಿಸಿ ಕೊಡಬೇಕು. ಶಾಲೆಯ ಫಾರಮ್ಮಿನಲ್ಲೂ ಅದಕ್ಕೊಂದು ದೊಡ್ಡ ಖಾಲಿ ಚೌಕ ಇತ್ತು. ಅದನ್ನು ನೋಡಿ ಯಾರು ಆಚೆ, ಯಾರು ಈಚೆ ಎಂದು ಅವರು ತೀರ್ಮಾನಿಸುವುದು.

ಎರಡೂ ಮನೆಯಲ್ಲಿ ದಾರಿ ಬಿಡಿಸುವವಳು ನಾನು. ಓದಿದ್ದು ನಾಲ್ಕನೆಯ ಕ್ಲಾಸು. ಐದನೆಯದಕ್ಕೆ ಹೊಳೆ ದಾಟಿ ಹೋಗಬೇಕಿತ್ತು. ಅಣ್ಣ ದೋಣಿಯಲ್ಲಿ ಹೋದ, ನನ್ನನ್ನು ಕಳಿಸಲಿಲ್ಲ. ಆಮೇಲೆ ಹೊಲಿಗೆ ಕಲಿತೆ, ನಲವತ್ತು ವರ್ಷ ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಗೆರೆ ನೆಟ್ಟಗೆ ಬರುತ್ತಿತ್ತು. ನಜ್ಮಾದ ಗಲ್ಲಿಗಳನ್ನು ಕಾಲಲ್ಲಿ ತಿರುಗಿದವಳಾದ್ದರಿಂದ ದಾರಿಯೂ ಗೊತ್ತಿತ್ತು. ರತ್ನ ಒಬ್ಬಳೇ ಗೇಟು ದಾಟಿದವಳಲ್ಲ. ಗಂಡನಿಗೆ ದೂರದ ದುಖಾನ್ ಎಂಬ ಊರಿನಲ್ಲಿ ಕೆಲಸ, ಮನೆಗೆ ಬರುವುದು ಗುರುವಾರ ಸಂಜೆ. ಫಾರಮ್ಮು ಬಂದದ್ದು ಸೋಮವಾರ.

"ಅಮ್ಮಾ, ಇದ್ರಲ್ಲಿ ಮನೆ ದಾರಿ ಬರೀಬೇಕಂತೆ. ನಾಳೇನೇ ಕೊಡ್ಬೇಕಂತೆ. ನಂಗೆ ಗೇಟ್ ಬಿಟ್ರೆ ಇನ್ನೇನು ಗೊತ್ತು ಹೇಳಿ?"

"ಇಡು ಇಲ್ಲಿ. ಗ್ಯಾಸಿನವನಿಗೆ ಬರೆದು ಕೊಟ್ಟವಳಿಗೆ ಶಾಲೆಯವರಿಗೆ ಬರೆಯಲಿಕ್ಕೆ ಎಂತ ಕಷ್ಟ?"

"ಆ ಬಸ್ಸು ನೆನೆಸ್ಕೊಂಡ್ರೇ ಭಯ ಆಗುತ್ತೆ. ಇರ್ಲಿ, ಇಬ್ರೂ ಒಟ್ಟಿಗೆ ಹೋಗ್ತಾರಲ್ಲ. ಲವಿನಾ ಪಕ್ಕದಲ್ಲಿದ್ರೆ ನಮ್ಮೋಳಿಗೆ ಧೈರ್ಯ," ಎಂದು ಹೇಳಿ ಅವಳು ಹಾಲು ಉಕ್ಕುತ್ತದೆಂದು ಒಳಗೆ ಓಡಿದಳು.

ಬೋರೆ ಮರದ ಕೆಳಗೆ ಬೆತ್ತದ ಸ್ಟೂಲು ಹಾಕಿಕೊಂಡು ಕೂತೆ. ಮೊದಲು ಲವಿನಾಳ ಫಾರಮ್ಮು. ಮಸೀದಿ, ಟೈಲರ್ ಅಂಗಡಿ, ದೊಡ್ಡ ರಸ್ತೆ, ಈಚೆಗೆ ನಮ್ಮ ಮನೆ. ಇದ್ದದ್ದು ಇದ್ದ ಹಾಗೆಯೇ ಬರೆದೆ. ಬರೆದು ನೋಡಿದೆ. ಆಮೇಲೆ ಲವಿನಾಳ ಪೆನ್ಸಿಲ್ ಪೆಟ್ಟಿಗೆಯಿಂದ ರಬ್ಬರು ತೆಗೆದು ಆ ಚಿಕ್ಕ ಚೌಕವನ್ನು ಅಳಿಸಿ, ರಸ್ತೆಯ ಆಚೆ, ಟೈಲರ್ ಅಂಗಡಿಯ ಪಕ್ಕದಲ್ಲಿ ಮನೆ ಬರೆದೆ. ಮಗುವಿಗೆ ಬಸ್ಸು ಬೇಡ ಅನ್ನಿಸಿತು, ಮಾಡಿದೆ. ಇಲ್ಲಿಯವರೆಗೆ ಮಾಡಿದ್ದನ್ನು ಯಾವ ಅಜ್ಜಿಯೂ ಮಾಡಿಯಾಳು. ನಂತರ ಭೂಮಿಕಾಳ ಫಾರಮ್ಮು ತೆಗೆದುಕೊಂಡೆ. ಮಸೀದಿ ಬರೆದೆ, ಅಂಗಡಿ ಬರೆದೆ, ರಸ್ತೆ ಬರೆದೆ. ಮನೆ ಎಲ್ಲಿ ಬರೆಯಲಿ ಎಂದು ಪೆನ್ಸಿಲು ನಿಂತಿತು. ಎರಡೂ ಕಾಗದದಲ್ಲಿ ಒಂದೇ ಸುಳ್ಳಿದ್ದರೆ ಸಿಕ್ಕಿಬೀಳುತ್ತೇವೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ನಿಜವಾದ ಕಾರಣವಲ್ಲ. ಭೂಮಿಕಾ ಕ್ಲಾಸಿಗೆ ಯಾವಾಗಲೂ ಮೊದಲನೆಯವಳು, ಲವಿನಾ ಎರಡನೆಯವಳು. ಪ್ರತಿ ಪರೀಕ್ಷೆಯ ನಂತರ ಆಚೆಮನೆಯವಳನ್ನು ನೋಡಿ ಕಲಿ ಎಂದು ನನ್ನ ಮಗಳು ಲವಿನಾಳಿಗೆ ಬೈಯುವುದು, ಇವಳು ಊಟ ಬಿಟ್ಟು ಮಲಗುವುದು. ಆಚೆಮನೆಯವಳು ಹೊಸ ಶಾಲೆಗೆ ಹೋದರೆ ನಮ್ಮದು ಮೊದಲನೆಯದಾಗುತ್ತದೆ ಎಂಬ ಯೋಚನೆ ಬಂತು. ಬರಲಿಲ್ಲ ಎಂದು ಹೇಳಲಾರೆ. ಅವಳ ಮನೆಯನ್ನು ಈಚೆಗೆ, ಇದ್ದಲ್ಲಿಯೇ, ಬಹಳ ಚೆನ್ನಾಗಿ ಬರೆದೆ. ಗೇಟನ್ನೂ ಬರೆದೆ. ಮರವನ್ನೂ ಬರೆದೆ.

ಅಳಿಯ ನೋಡದೆ ಸಹಿ ಹಾಕಿದ. ರತ್ನ ನೋಡಿದಳು. "ಎಷ್ಟು ಚೆಂದ ಬರ್ದಿದೀರಮ್ಮಾ, ಎಲಚಿ ಮರಾನೂ ಬಂದ್ಬಿಟ್ಟಿದೆ!" ಎಂದು ಸಹಿ ಹಾಕಿದಳು.

ಎರಡು ವಾರಕ್ಕೆ ಪಟ್ಟಿ ಬಂತು. ಲವಿನಾ ಹಳೆಯ ಶಾಲೆ, ಭೂಮಿಕಾ ಹೊಸದು. ಹುಡುಗಿಯರು ಅಂಗಳದಲ್ಲಿ ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತರು. ಒಂದೇ ಗೇಟಿನ ಎರಡು ಮನೆ ಬೇರೆ ಬೇರೆ ಹೇಗಾಯಿತು ಎಂದು ರತ್ನ ನನ್ನನ್ನೇ ಕೇಳಿದಳು. "ಆಫೀಸಿನವರ ತಪ್ಪು ಇರಬೇಕು," ಎಂದೆ. "ಕೇಳಿ ನೋಡು ಬೇಕಾದರೆ. ಕೇಳಿದರೆ ನಮ್ಮದೂ ಹೋಗ್ತದೋ ಏನೋ." ಆ ಕೊನೆಯ ಮಾತನ್ನು ಬೇಕೆಂದೇ ಸೇರಿಸಿದೆ. ಮಾರನೆಯ ದಿನ ಅವಳು, ಒಬ್ಬಳೇ ಗೇಟು ದಾಟದವಳು, ತಾನೇ ರಸ್ತೆ ದಾಟಿ ಶಾಲೆಗೆ ಹೋದಳು. ನಾನು ಬರುತ್ತೇನೆ ಎನ್ನಲಿಲ್ಲ. ಅನ್ನ ಬಸಿಯುವ ಹೊತ್ತಿಗೆ ಬೆವರು ಇಳಿಸುತ್ತ ವಾಪಸು ಬಂದಳು.

"ಆಗಲ್ವಂತೆ ಅಮ್ಮಾ. ಒಬ್ರಿಗೆ ಬಿಟ್ರೆ ಎಲ್ರೂ ಕೇಳ್ತಾರಂತೆ. ನಿಮ್ ಕಡೆಯಿಂದ ಇನ್ನು ಯಾರಾದ್ರೂ ಇಲ್ಲೇ ಉಳ್ಕೊಂಡಿದಾರಾ, ಇದ್ರೆ ಹೇಳಿ, ವಿಚಾರಿಸ್ತೀವಿ ಅಂದ್ರು."

"ನೀನು ಎಂತ ಹೇಳಿದಿ?"

"ಯಾರೂ ಇಲ್ಲ ಅಂದೆ." ಸೆರಗಿನಿಂದ ಮುಖ ಒರೆಸಿಕೊಂಡಳು. "ನಮ್ಮೋಳಿಗಂತೂ ತಪ್ಪಲಿಲ್ಲ, ಲವಿನಾಗಾದ್ರೂ ತಪ್ಪಲಿ. ನೀವು ಹೆದರ್ಕೋಬೇಡಿ ಅಮ್ಮಾ, ನನ್ ಬಾಯಿಂದ ಬರಲ್ಲ."

ಆಗ ಹೇಳಬಹುದಿತ್ತು. ಕಾಗದ ತೆಗೆದುಕೊಂಡು ಇಬ್ಬರೂ ಹೋಗಿ ನಿಜ ಹೇಳಿದ್ದರೆ ಹುಡುಗಿಯರಿಬ್ಬರೂ ಒಂದೇ ಬಸ್ಸಿನಲ್ಲಿ ಒಬ್ಬರ ಪಕ್ಕ ಒಬ್ಬರು ಕೂತು ಹೋಗುತ್ತಿದ್ದರು. ನಾನು ಅನ್ನದ ಪಾತ್ರೆಯ ಮುಚ್ಚಳ ಹಾಕಿ, ಮಜ್ಜಿಗೆ ಕುಡಿ ಎಂದು ಲೋಟ ಕೊಟ್ಟೆ.

ಹೊಸ ಶಾಲೆಯ ಬಸ್ಸು ಬೆಳಗಿನ ಐದೂವರೆಗೆ ಗಲ್ಲಿಯ ತುದಿಗೆ ಬರುತ್ತಿತ್ತು. ಖಾಲಿ ಹೊಟ್ಟೆಯಲ್ಲಿ ಹೋದರೆ ವಾಂತಿಯಾಗದು ಎಂದು ಭೂಮಿಕಾ ತಿಂಡಿ ಬಿಟ್ಟಳು. ಆದರೂ ಆಗುತ್ತಿತ್ತು. ಬಸ್ಸಿನಲ್ಲಿ ಅವಳ ಪಕ್ಕದ ಸೀಟು ಯಾರಿಗೂ ಬೇಡವಾಯಿತಂತೆ. ಅದನ್ನು ಅವಳು ತಾಯಿಗೆ ಹೇಳಲಿಲ್ಲ, ನನಗೆ ಹೇಳಿದಳು. ಮೂರು ತಿಂಗಳಿಗೆ ಸಮವಸ್ತ್ರದ ಸೊಂಟ ಸಡಿಲಾಯಿತು, ಹಿಡಿದು ಹೊಲಿದು ಕೊಟ್ಟವಳು ನಾನೇ. ಒಂದೇ ವರ್ಷದಲ್ಲಿ ಎರಡು ಸಲ ಹೊಲಿದೆ. ಲವಿನಾ ನನ್ನ ಜೊತೆ ರಸ್ತೆ ದಾಟುವಾಗ ಮಾತಾಡುವುದನ್ನು ಬಿಟ್ಟಳು. ಆ ವರ್ಷ ಅವಳು ಮೊದಲನೆಯವಳಾಗಲಿಲ್ಲ, ಮೂರನೆಯವಳಾದಳು. ನಾನು ಲೆಕ್ಕಕ್ಕೆ ಹಿಡಿಯದ ಇನ್ನಿಬ್ಬರು ಮಕ್ಕಳು ಆ ಕ್ಲಾಸಿನಲ್ಲಿದ್ದರು. ಪಾಪನಿವೇದನೆಗೆ ಹೋದಾಗ, ಕಾಗದದಲ್ಲಿ ಒಂದು ಸುಳ್ಳು ಬರೆದೆ ಎಂದು ಪಾದ್ರಿಗಳಿಗೆ ಹೇಳಿದೆ. ಯಾವ ಕಾಗದ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಅವರು ಕೊಟ್ಟ ಪ್ರಾಯಶ್ಚಿತ್ತಕ್ಕೆ ಮೂರು ನಮಾನ್ ಮೊರಿಯೆ ಪ್ರಾರ್ಥನೆ ಹೇಳಿ ಬಂದೆ. ಅವರಿಗೆ ಹೇಳಿದ್ದು ಸುಳ್ಳು ಬರೆದ ಕಾಗದದ ವಿಷಯ. ನನ್ನ ಪಾಪ ಇದ್ದದ್ದು ನಿಜ ಬರೆದ ಕಾಗದದಲ್ಲಿ.

ಒಂಬತ್ತನೆಯದು ಮುಗಿದ ಕೂಡಲೇ ರತ್ನ ಮಗಳನ್ನು ಕರೆದುಕೊಂಡು ಮೈಸೂರಿಗೆ ಹೊರಟಳು. ಗಂಡ ಆರು ಜನರ ಜೊತೆ ಒಂದು ರೂಮಿಗೆ ಸೇರಿದ. ಅಳಿಯ "ಖಲಾಸ್ ಮಾಂಯ್, ಅಂಗಳ ಈಗ ನಮ್ಮದೇ" ಎಂದು ತಮಾಷೆ ಮಾಡಿದ. ಕರಿಬೇವಿನ ಗಿಡಕ್ಕೆ ನೀರು ಹಾಕಲು ನನಗೆ ನೆನಪಾಗುತ್ತಿರಲಿಲ್ಲ, ಒಣಗಿತು. ಮುಂದಿನ ವರ್ಷ ಮಾಲೀಕ ಮನೆ ಖಾಲಿ ಮಾಡಿಸಿ ಕೆಡವಿಸಿದ. ಯಂತ್ರ ಬಂದ ದಿನ ನಾನು ರಸ್ತೆಯಾಚೆ ನಿಂತು ನೋಡಿದೆ. ಮರವನ್ನು ಮೊದಲು ತೆಗೆದರು. ಆಮೇಲೆ ಗೋಡೆ ಬಿದ್ದಾಗ ನಡುವಿನ ಪ್ಲೈವುಡ್ಡು ಒಂದು ಕ್ಷಣ ಒಂಟಿಯಾಗಿ ನಿಂತಿತ್ತು. ಒಂದು ಬದಿಯಲ್ಲಿ ನಮ್ಮ ಕ್ಯಾಲೆಂಡರಿನ ಮೊಳೆ, ಇನ್ನೊಂದು ಬದಿಯಲ್ಲಿ ಅವರ ದೇವರ ಪಟದ ಮಸಿ. ಎಷ್ಟು ತೆಳ್ಳಗಿತ್ತು ಅದು.

ಭೂಮಿಕಾ ಓದಿ ಕೆಲಸಕ್ಕೆ ಸೇರಿದ್ದಾಳೆ, ಮದುವೆಯಾಗಿದ್ದಾಳೆ. ಕ್ರಿಸ್ಮಸ್ಸಿಗೆ ತಪ್ಪದೆ ಫೋನ್ ಮಾಡುತ್ತಾಳೆ. ಲವಿನಾಗೆ ಇಂದಿಗೂ ಅದು ಆಫೀಸಿನವರ ತಪ್ಪು. ಹೋದ ವರ್ಷ ಭೂಮಿಕಾಳ ಫೋನು ಕ್ರಿಸ್ಮಸ್ಸಿಗೆ ಮೊದಲೇ ಬಂತು. ಅಮ್ಮ ಹೋಗಿಬಿಟ್ಟರು ಅಜ್ಜಿ, ಎಂದಳು. ಕಡೇವರೆಗೂ ಅಮ್ಮ ನಿಮ್ಮ ಮಾತೇ ಆಡುತ್ತಿದ್ದರು, ದೋಹಾದಲ್ಲಿ ನನಗೊಬ್ಬರು ತಾಯಿ ಇದ್ದರು ಅನ್ನುತ್ತಿದ್ದರು, ಎಂದಳು.

ಅಲ್ಲ, ಎನ್ನಬೇಕಿತ್ತು. ನಾನು ಹೂಂ ಎಂದೆ. ಅವಳು ನನ್ನ ಬಾಯಿಂದ ಇನ್ನೇನೋ ಕೇಳಲು ಕಾಯುತ್ತಿರುವುದು ಫೋನಿನಲ್ಲಿ ತಿಳಿಯುತ್ತಿತ್ತು. ಊಟ ಮಾಡಿದಿಯಾ ಮಗಾ, ಎಂದು ಕೇಳಿದೆ.