ಗೋಡೆಗಿಂತ ಮೊದಲು ನಿಂತ ಬಾಗಿಲು

ಮೊನ್ನೆ ಜಮಖಂಡಿಯ ನನ್ನ ಅಂಗಡಿ ಮುಂದೆ ಟ್ರ್ಯಾಕ್ಟರಿನಿಂದ ಹಳೆಯ ಬಾಗಿಲೊಂದನ್ನು ಚೌಕಟ್ಟಿನ ಸಮೇತ ಇಳಿಸಿದರು. ಕುಸುಬಿ ಎಣ್ಣೆಯ ವಾಸನೆ ಬಂತು. ಹಳೆಯ ಬಾಗಿಲು, ಕಂಬ, ತೊಲೆ ಕೊಂಡು ಮಾರುವ ನನಗೆ ಸಾಗವಾನಿಯ ವಾಸನೆ ಹೊಸದಲ್ಲ. ಆದರೆ ಬಾಗಿಲಿಗೆ ಅಮಾವಾಸ್ಯೆ ತಪ್ಪದೆ ಕುಸುಬಿ ಎಣ್ಣೆ ಹಚ್ಚುತ್ತಿದ್ದವಳು ನಾನು ಕಂಡಂತೆ ಒಬ್ಬಳೇ. ನಮ್ಮ ಓಣಿಯ ಕಾಕು...

ಅಣೆಕಟ್ಟೆಯ ಹಿನ್ನೀರು ಬರುತ್ತದೆಂದು ಬೀಳಗಿ ಕಡೆಯ ನಮ್ಮ ಊರು ಖಾಲಿಯಾಗುತ್ತಿದ್ದ ಕಾಲ ಅದು. ಮನೆ ಬಿಚ್ಚಿದವರು ಕಟ್ಟಿಗೆಯನ್ನು ನನಗೇ ಕೊಡುತ್ತಿದ್ದರು. ನಾನು ದಂಧೆ ಕಲಿತದ್ದೂ ಹಾಗೆಯೇ. ಹೊಸದಾಗಿ ಇದಕ್ಕೆ ಇಳಿಯುವವರಿಗೆ ಒಂದು ಮಾತು ಹೇಳುತ್ತೇನೆ: ಮನಸ್ಸಿಗೆ ಹಿಡಿಸಿದ ಮಾಲನ್ನು ಮಾಲಕರ ಎದುರು ಎರಡನೆಯ ಸಲ ನೋಡಬೇಡಿ. ಕಾಕುವಿನ ಬಾಗಿಲನ್ನು ನಾನು ಕಣ್ಣು ತುಂಬ ನೋಡಿಬಿಟ್ಟಿದ್ದೆ. ಅಲ್ಲಿಗೇ ಸೋತಿದ್ದೆ. ಏನು ಹೇಳಿದರೂ ಅವಳು ಒಲ್ಲೆ ಎಂದಳು.

ಮಾತಿಗೆ ಬಗ್ಗದವರಿಗೆ ಕಣ್ಣಿಗೆ ತೋರಿಸಬೇಕು ಎಂದು ಅವಳನ್ನು ಜಮಖಂಡಿಗೆ ಕರೆತಂದು ಗುಡ್ಡದ ಮೇಲಿನ ಅರಮನೆಗೆ ಹೋದೆ. ದೊಡ್ಡ ಬಾಗಿಲು ಮುಚ್ಚಿತ್ತು. ಆವರಣದ ತುಂಬ ಒಣಗಿದ ಎಲೆ.

"ನೋಡ ಕಾಕು, ಇಂಥಾ ರಾಜರು ಸೈತ ದೇಶಕ್ಕ ರಾಜ್ಯಾ ಬಿಟ್ಟುಕೊಟ್ರು. ನೀ ಒಂದ ಬಾಗಲಾ ಹಿಡಕೊಂಡ ಕುಂತೀಯಲ್ಲ."

ಕಾಕು ಅರಮನೆಯ ಬಾಗಿಲ ಮೇಲೆ ಅಂಗೈ ಇಟ್ಟು ಸವರಿದಳು.

"ಅವರು ತಾವಾಗಿ ಕೊಟ್ರು. ನನ್ನ ಕಡಿಂದ ಕಸಗೊಳ್ಳಾಕತ್ತಾರ. ಎರಡೂ ಒಂದ ಏನಲೇ?"

ಅಷ್ಟೆಂದು ಅಲ್ಲಿಯೇ ಮೆಟ್ಟಿಲ ಮೇಲೆ ಕುಳಿತು ರೊಟ್ಟಿಯ ಗಂಟು ಬಿಚ್ಚಿದಳು. ಕಾವಲಿನವನು ಓಡಿ ಬಂದ.

"ಅವ್ವಾರ, ಇಲ್ಲಿ ಕುಂದರಂಗಿಲ್ರಿ."

"ಯಾಕ, ರಾಜರು ಬರಾಕತ್ತಾರೇನು?"

ಅವನಿಗೆ ನಗು ಬಂತು. "ಇಲ್ರಿ."

"ಹಂಗಾದ್ರ ನೀನೂ ಕುಂದರು. ಶೇಂಗಾ ಹಿಂಡಿ ಐತಿ."

ಅವನೂ ಕುಳಿತ. ನಾನು ಕೊನೆಯ ದಾಳ ಎಸೆದೆ. "ಹೊಸಾ ಊರಾಗ ನಿನಗ ಗ್ವಾಡಿನ ಇಲ್ಲ. ಬಾಗಲಾ ತಗೊಂಡ ಏನ ಮಾಡ್ತಿ?"

"ಬಾಗಲಾ ಮದಲ ನಿಲ್ಲಲಿ," ಎಂದಳು ರೊಟ್ಟಿ ಮುರಿಯುತ್ತ. "ಗ್ವಾಡಿ ಆಮ್ಯಾಲ ಬರ್ತಾವ."

ಹಾಗೇ ಮಾಡಿದಳು. ಪುನರ್ವಸತಿ ಕೇಂದ್ರದ ಖಾಲಿ ಜಾಗದಲ್ಲಿ ಕಲ್ಲು ಒಟ್ಟಿ ಚೌಕಟ್ಟು ನಿಲ್ಲಿಸಿ, ಬಾಗಿಲು ಏರಿಸಿ, ಹೊಸ್ತಿಲಿಗೆ ಅರಿಷಿಣ ಕುಂಕುಮ ಹಚ್ಚಿದಳು. ಹಿಂದೆ ಸೂರಿಗೆ ಒಂದು ತಾಡಪಾಲು, ಸುತ್ತ ಬಯಲು. ಜಾಗ ಅಳೆಯಲು ಬಂದ ಸಾಹೇಬರು ಪಕ್ಕದಿಂದ ನುಗ್ಗಿದಾಗ ನಾನೂ ಅಲ್ಲಿದ್ದೆ.

"ಸಾಹೇಬ್ರ, ಗ್ವಾಡಿ ಹಾಯ್ದ ಬಂದ್ರೇನ್ರಿ? ಹೊಳ್ಳಿ ಹೋಗಿ ಬಾಗಲದಾಗ ಬರ್ರಿ."

ಸಾಹೇಬರು ಸುತ್ತಲಿನ ಬಯಲು ನೋಡಿದರು, ಅವಳ ಮುಖ ನೋಡಿದರು. ಹಿಂದಕ್ಕೆ ಹೋಗಿ, ಬೂಟು ಕಳಚಿ, ತಲೆ ಬಗ್ಗಿಸಿ ಬಾಗಿಲಿನಿಂದ ಬಂದರು. ಗೋಡೆಗಳು ಆಮೇಲೆ ಒಂದೊಂದಾಗಿ ಬಂದವು...

ಕಾಕು ಈಗಿಲ್ಲ. ಅವಳ ತಮ್ಮನ ಮಕ್ಕಳು ಆ ಜಾಗದಲ್ಲಿ ಸ್ಲ್ಯಾಬಿನ ಮನೆ ಕಟ್ಟುತ್ತಿದ್ದಾರೆ. ಬಾಗಿಲು ಬೇಡವಾಗಿ ನನ್ನಲ್ಲಿಗೆ ಬಂತು. ಅಷ್ಟು ಆಸೆಪಟ್ಟ ಮಾಲು ಚೌಕಾಶಿಯಿಲ್ಲದೆ ಕೈಸೇರಿತು. ಎದುರು ನಿಂತು ಒಲ್ಲೆ ಎನ್ನಲು ಅವಳಿರಲಿಲ್ಲ.

ಅಂಗಡಿಯ ಹಿಂದಿನ ಬಯಲಲ್ಲಿ ಅದನ್ನು ನಿಲ್ಲಿಸಿ ಕುಸುಬಿ ಎಣ್ಣೆ ಹಚ್ಚಿದ್ದೇನೆ. ನಿನ್ನೆ ಮುಧೋಳದ ಹೋಟೆಲಿನವರೊಬ್ಬರು ಕೇಳಿದರು.

"ಮಾರೂದಲ್ರಿ," ಎಂದೆ.

ಅವರು ಚೌಕಟ್ಟಿನ ಪಕ್ಕದಿಂದ ಹೊರಟರು.

"ಗ್ವಾಡಿ ಐತ್ರಿ ಅಲ್ಲಿ. ಬಾಗಲದಾಗ ಹೋಗ್ರಿ."

ಅವರು ನಕ್ಕು ಪಕ್ಕದಿಂದಲೇ ಹೋದರು. ಕಾಕು ಹೇಳಿದ್ದರೆ ಹೊಳ್ಳಿ ಬರುತ್ತಿದ್ದರು... ನಾನು ಚಪ್ಪಲಿ ಬಿಟ್ಟು, ತಲೆ ಬಗ್ಗಿಸಿ, ಬಾಗಿಲಿನಿಂದಲೇ ಬಂದೆ.