ಪೂಜೆಗೆ ಎದ್ದುಹೋದ ಸ್ವಿಚ್ಚು

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿತ್ತು. ಹಾಸನದ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ನಾನು ನೆಟ್‌ವರ್ಕ್ ಕೆಲಸಕ್ಕಿದ್ದೆ. ಫೋನೆತ್ತಿದರೆ ನಮ್ಮ ಓನರ್ ದನಿ ಅಣಕಿಸಿ ಗತ್ತಾಗಿ 'ಹೇಳಿ' ಅನ್ನುತ್ತಿದ್ದೆ. ಅದರಿಂದ ಸಿಕ್ಕ ಲಾಭವೆಂದರೆ, ಅವರಿಗೆ ಬೀಳಬೇಕಾದ ಬೈಗುಳವೆಲ್ಲ ನನಗೇ.

ದಸರಾ ರಜೆ ಮುಗಿದ ದಿನ ಕಾಲೇಜಿನ ಲ್ಯಾಬ್ ಮೇಡಂ ಫೋನ್ ಮಾಡಿದರು. "ನಾಟಕ ಸಾಕಪ್ಪಾ, ನೀನೇ ಅಂತ ಗೊತ್ತು. ಬೇಗ ಬಾ."

ಮೇಡಂ ಹೊಳೆನರಸೀಪುರದಿಂದ ದಿನಾ ರೈಲಲ್ಲಿ ಬರುತ್ತಿದ್ದರು. ಮಾರನೇ ದಿನ ಪ್ರಾಕ್ಟಿಕಲ್ ಪರೀಕ್ಷೆ; ಲ್ಯಾಬ್ ಅವರ ಕೈಗೆ ಬಂದ ಮೇಲೆ ಮೊದಲನೆಯದು. ಪರೀಕ್ಷಕರು ಚನ್ನರಾಯಪಟ್ಟಣದಿಂದ ಹೊರಡುವವರಿದ್ದರು. "ಲ್ಯಾಬ್ ಏಳದಿದ್ರೆ ಹುಡುಗರನ್ನ ಅರಕಲಗೂಡಿನ ಕಾಲೇಜಿಗೆ ಕಳಿಸ್ತಾರಂತೆ. ಆಮೇಲೆ ನನ್ನನ್ನ ಇಲ್ಲಿ ಯಾರು ಇಟ್ಕೋತಾರೆ?"

ಒಂದರ ಮೇಲೊಂದು ಪೇರಿಸಿ, ಹಿಂದಿನಿಂದ ಕೇಬಲ್ ಹಾಕಿ ಒಂದೇ ಮಾಡಿದ ಮೂರು ಸ್ವಿಚ್ಚು, ಅಂದರೆ ಕಂಪ್ಯೂಟರುಗಳನ್ನೆಲ್ಲ ಸರ್ವರಿಗೆ ಜೋಡಿಸುವ ಡಬ್ಬಿಗಳು, ಲ್ಯಾಬಿನಲ್ಲಿದ್ದವು. ದೀಪವೆಲ್ಲ ಹಸಿರು. ಆದರೂ ಪರೀಕ್ಷೆಯ ಪ್ರಶ್ನೆಗಳಿದ್ದ ಸರ್ವರ್ ಮಾತ್ರ ಯಾವ ಕಂಪ್ಯೂಟರಿಗೂ ಉತ್ತರ ಕೊಡದು. ನಾನು ಡಾಕ್ಟರ ಥರ "ಹೂಂ, ಹೂಂ" ಅಂದೆ. ಗೊತ್ತಿದ್ದದ್ದು ಅಷ್ಟೇ.

"ಯಾರಾದ್ರೂ ಮುಟ್ಟಿದ್ರಾ?"

ಕಟ್ಟಾಯ ಊರಿನ ಅಟೆಂಡರ್ ಹೇಳಿದ: "ಮುಟ್ಲಿಲ್ಲ ಸಾ. ಆಯುಧಪೂಜೆಗೆ ಮೇಲಿನದ್ನ ಎತ್ಕಂಡೋದೆ, ಅಷ್ಟೇಯ. ಕುಂಕುಮ ಇಟ್ಟು ಎಲ್ಲಿತ್ತೋ ಅಲ್ಲೇ ಮಡಗ್ಬುಟ್ಟೆ."

"ಮೂರರಲ್ಲಿ ಅದನ್ನೇ ಯಾಕೆ?"

"ಅದುಕ್ಕೊಂದ್ ದೀಪ ಜಾಸ್ತಿ ಉರೀತಿತ್ತು ಕಣ್ ಸಾ. ಅದೇ ದೊಡ್ಡುದು ಅಂದ್ಕಂಡೆ."

ಸರಿಯಾಗೇ ಅಂದುಕೊಂಡಿದ್ದ. ಆ ದೀಪ ಗುಂಪಿನ ಹಿರಿಯನ ಗುರುತು. ಹಿರಿಯ ಸ್ವಿಚ್ಚಿನ ವಿಳಾಸವೇ ಇಡೀ ಗುಂಪಿನ ವಿಳಾಸ. ಅದು ಪೂಜೆಗೆ ಎದ್ದು ಹೋದಾಗ ಕೆಳಗಿನದು ಹಿರಿತನ ವಹಿಸಿಕೊಂಡು ತನ್ನ ವಿಳಾಸ ಹಾಕಿಕೊಂಡಿತ್ತು. ಆದರೆ ಸರ್ವರಿನಲ್ಲಿ ಹಳೇ ವಿಳಾಸವನ್ನೇ ಬದಲಾಗದಂತೆ ಕಟ್ಟಿಹಾಕಿದ್ದರು; ಅದರ ಉತ್ತರವೆಲ್ಲ ಅಲ್ಲಿಗೇ ಹೋಗಿ ಕಳೆದುಹೋಗುತ್ತಿತ್ತು.

"ಅದು ವಾಪಸ್ ಬಂತಲ್ಲಪ್ಪಾ. ತನ್ನ ಜಾಗ ಯಾಕೆ ಕೇಳ್ಲಿಲ್ಲ?" ಅಂದರು ಮೇಡಂ.

ನನಗೂ ಅದೇ ಕುತೂಹಲ. ಸ್ವಿಚ್ಚಿನ ಜೊತೆಗೆ ಬಂದಿದ್ದ ಪುಸ್ತಕ ತೆರೆದೆವು. ಹಿರಿಯನ ಜಾಗದಲ್ಲಿ ಕೂತವರನ್ನು ಎಬ್ಬಿಸುವ ಪದ್ಧತಿ ಇವುಗಳಲ್ಲಿಲ್ಲ. ಎಲ್ಲವನ್ನೂ ಆರಿಸಿ ಮತ್ತೆ ಹಚ್ಚಿದರೆ ಮಾತ್ರ ಹೊಸದಾಗಿ ಹಿರಿಯನ ಆಯ್ಕೆ. ಜೊತೆಗೆ, ಹಿರಿಯ ಹೋದಮೇಲೂ ಹಳೇ ವಿಳಾಸವನ್ನೇ ಎಷ್ಟು ನಿಮಿಷ ಉಳಿಸಿಕೊಳ್ಳಬೇಕು ಅಂತ ಒಂದು ಸೆಟ್ಟಿಂಗ್. ಸ್ವಿಚ್ಚು ಕೂರಿಸಿದಾಗ ನಾವು ಅದನ್ನು ಹಾಕಿರಲೇ ಇಲ್ಲ.

"ಸೊನ್ನೆ ಕೊಟ್ಟರೆ ಯಾವಾಗಲೂ ಉಳಿಯುತ್ತಂತೆ ಮೇಡಂ."

"ಸೊನ್ನೆ ಅಂದ್ರೆ ಏನೂ ಇಲ್ಲ ಅಂತಲ್ವಾ?"

"ಇದರ ಲೆಕ್ಕ ಬೇರೆ."

ಇಬ್ಬರೂ ಆ ಸಾಲನ್ನು ಮತ್ತೆ ಮತ್ತೆ ಓದಿದೆವು. ಕೆಳಗೆ ಇನ್ನೊಂದು ಎಚ್ಚರಿಕೆ: ಆಮೇಲೆ ಹಳೇ ಹಿರಿಯನನ್ನು ಒಯ್ದು ಇದೇ ನೆಟ್‌ವರ್ಕಿನಲ್ಲಿ ಬೇರೆ ಕಡೆ ಹಚ್ಚಬಾರದು, ಒಂದೇ ವಿಳಾಸಕ್ಕೆ ಇಬ್ಬರಾಗುತ್ತಾರೆ. "ಆಫೀಸ್ ರೂಮಿಗೆ ಯಾರಾದ್ರೂ ಕೇಳಿದ್ರೆ ಕೊಡಲ್ಲ," ಅಂದರು ಮೇಡಂ, ಯಾರೂ ಕೇಳದಿದ್ದರೂ.

ಮೂರನ್ನೂ ಆರಿಸಿ ಹಚ್ಚಿದೆ. ಮೇಲಿನದಕ್ಕೆ ಆಯ್ಕೆಯಲ್ಲಿ ಗೆಲ್ಲುವಂತೆ ಮೊದಲೇ ಹೆಚ್ಚಿನ ಅಂಕ ಕೊಟ್ಟಿದ್ದರಿಂದ ಅದೇ ಹಿರಿಯನಾಗಿ, ಹಳೇ ವಿಳಾಸ ಬಂತು. ಸೊನ್ನೆ ಒತ್ತಿ ಸೇವ್ ಮಾಡಿದೆ. ಸರ್ವರ್ ಮಾತಾಡಿತು. ನಾನು ಬ್ಯಾಗ್ ಎತ್ತಿಕೊಂಡೆ.

"ಎಲ್ಲಿಗೆ? ಹಿರಿಯನ ವೈರ್ ಕಿತ್ತು ತೋರ್ಸು."

"ಮೇಡಂ, ನಾಳೆ ಪರೀಕ್ಷೆ…"

"ಅದಕ್ಕೇ."

ಕಿತ್ತೆ. ಅದಕ್ಕೆ ಸೇರಿದ ಸಾಲಿನ ಕಂಪ್ಯೂಟರುಗಳು ಕಡಿದುಹೋದವು, ಹೋಗಲೇಬೇಕು. ಕೆಳಗಿನದರ ದೀಪ ಹತ್ತಿತು. ಮೇಡಂ ಕಿಟಕಿ ಪಕ್ಕದ ಕಂಪ್ಯೂಟರಿನಲ್ಲಿ ಪ್ರಶ್ನೆ ಪುಟ ಒತ್ತಿದರು. ಯಾರ ದನಿ ಅಣಕಿಸಬೇಕೆಂದೂ ನನಗೆ ತೋಚಲಿಲ್ಲ.

ಪುಟ ತೆರೆಯಿತು. ನಾನು ಕಿತ್ತ ವೈರ್ ಮತ್ತೆ ಸಿಕ್ಕಿಸಿದೆ. ಮೇಡಂ ಹತ್ತಿರದ ಸ್ಟೂಲಿನ ಮೇಲೆ ಕೂತರು. ನಾನು ಬಂದಾಗಿನಿಂದ ಅವರು ನಿಂತೇ ಇದ್ದರೆಂಬುದು ನನಗೆ ಆಗ ತಿಳಿಯಿತು.