ಸಂಜೆಯ ಬೆಲ್ಲ ನೀರು

ಸೊಸೆಗೆ ಸಕ್ಕರೆ ಕಾಯಿಲೆ ಅಂತ ಡಾಕ್ಟರಮ್ಮ ಹೇಳಿದಾಗ ನಾನು ನಂಬಲೇ ಇಲ್ಲ. ಆರು ತಿಂಗಳ ಬಸುರಿ, ಕಡ್ಡಿಯಂಥ ಮೈಯವಳು. ನನ್ನ ಲೆಕ್ಕದಲ್ಲಿ ಸಕ್ಕರೆ ಕಾಯಿಲೆ ಬರುವುದು ಹೊಟ್ಟೆ ಮುಂದೆ ಬಂದ ಸೇಠ್‌ಗಳಿಗೆ. "ನಿಮ್ಮ ಮಿಷನ್ ಹಾಳಾಗಿರಬೇಕು" ಅಂತ ನನ್ನ ಹರಕು ಹಿಂದಿಯಲ್ಲಿ ಹೇಳಿಯೂ ಬಿಟ್ಟೆ.

ಅವರು ಸಿಟ್ಟಾಗಲಿಲ್ಲ. ಕೆಲವರಿಗೆ ಬಸುರಿನಲ್ಲಿ ಹೀಗಾಗುತ್ತದೆ, ಊಟ ಸರಿ ಮಾಡಿಕೊಳ್ಳಿ, ಎರಡು ವಾರದಲ್ಲಿ ಇಳಿಯದಿದ್ದರೆ ದಿನಾ ಇನ್ಸುಲಿನ್ ಚುಚ್ಚಿಕೊಳ್ಳಬೇಕು, ಹಾಗೇ ಬಿಟ್ಟರೆ ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆ ಅಂದರು. ಮಗುವಿಗೆ ತೊಂದರೆ ಅಂದದ್ದು ಕಿವಿಗೆ ಬಿದ್ದ ಮೇಲೆ ಬೇರೆ ಯಾವ ಮಾತೂ ನನ್ನ ತಲೆಗೆ ಹೋಗಲಿಲ್ಲ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೆ ಅಡಿಗೆಮನೆಯಲ್ಲಿ ನನಗೆ ಪಾಠ ಹೇಳುವವರು ಹುಟ್ಟಿಲ್ಲ ಅಂದುಕೊಂಡಿದ್ದವಳು. ಉಡುಪಿ ಕಡೆಯವರು ನಾವು, ನನ್ನ ಗಂಡ ಇರುವಷ್ಟು ದಿನ ಇಲ್ಲಿಯ ಹೋಟೆಲಿನಲ್ಲಿ ಅಡಿಗೆ ಮಾಡಿದವರು. ವಡಾಲದ ಈ ಮನೆಯಲ್ಲಿ ಒಲೆ ಇವತ್ತಿಗೂ ನನ್ನದು. ಸೊಸೆ ಬೆಂಗಳೂರಿನವಳು, ಆಫೀಸು ವಿಕ್ರೋಳಿಯಲ್ಲಿ. ಕುರ್ಲಾದಲ್ಲಿ ಲೋಕಲ್ ರೈಲು ಬದಲಾಯಿಸಿ, ಜನರ ಮಧ್ಯೆ ಜಜ್ಜಿಸಿಕೊಂಡು ಬರುವವಳಿಗೆ ಸೌಟು ಹಿಡಿಯಲು ನಾನು ಬಿಡುವುದಿಲ್ಲ.

ಆಸ್ಪತ್ರೆಯಲ್ಲಿ ಪಥ್ಯ ಹೇಳುವ ಹುಡುಗಿಯೊಬ್ಬಳು ಮನೆಯ ಊಟ ತಿಂಡಿ ಎಲ್ಲ ಕೇಳಿದಳು. ಬೆಳಿಗ್ಗೆಯಿಂದ ರಾತ್ರಿವರೆಗೆ ಒಂದೂ ಬಿಡದೆ ನಾನೇ ಹೇಳಿದೆ. ಸೊಸೆಗೆ ಬಾಯಿ ತೆರೆಯಲು ಬಿಡಲಿಲ್ಲ. ಸಿಹಿ ತಿನ್ತೀರಾ ಅಂತ ಕೇಳಿದಳು. "ಹಬ್ಬಕ್ಕೆ ಮಾತ್ರ" ಅಂದೆ.

ಅವಳು ಹೇಳಿದ್ದು ದೊಡ್ಡದೇನಲ್ಲ. ಮೊದಲು ಪಲ್ಯ, ಆಮೇಲೆ ಅನ್ನ. ಅನ್ನ ಅರ್ಧ, ಪಲ್ಯ ಎರಡರಷ್ಟು. ಬೆಳಗಿನ ನೀರುದೋಸೆ ಒಂದೆರಡಕ್ಕೆ ನಿಲ್ಲಿಸಿ ಜೊತೆಗೆ ಮೊಳಕೆ ಹೆಸರು. ಊಟವಾದ ಮೇಲೆ ಬಿಲ್ಡಿಂಗಿನ ಕೆಳಗೆ ಸ್ವಲ್ಪ ನಡಿಗೆ. ಬಸುರಿಗೆ ಬೇರೆ ಪಾತ್ರೆ ಇಡಬೇಡಿ, ಮನೆಯವರೆಲ್ಲ ಇದನ್ನೇ ತಿನ್ನಿ ಅಂದಳು. ನಾನು ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋದೆ. ಸಾರು, ಸಾಂಬಾರು ಎರಡಕ್ಕೂ ಬೆಲ್ಲ ಹಾಕುವುದನ್ನು ನಿಲ್ಲಿಸಿದೆ. ಉಡುಪಿಯವಳು ಬೆಲ್ಲವಿಲ್ಲದ ಸಾಂಬಾರು ಮಾಡುವುದೆಂದರೆ ಎಷ್ಟು ಸಂಕಟ ಅಂತ ಮಾಡಿದವರಿಗೇ ಗೊತ್ತು.

ಮೊದಲ ದಿನ ಮಗ ತಟ್ಟೆ ನೋಡಿದ. "ಅಮ್ಮ, ಇದು ಊಟವಾ ದನದ ಮೇವಾ?"

"ದನವಾದರೆ ಹಾಲಾದರೂ ಕೊಡ್ತದೆ. ನೀನು ಸುಮ್ಮನೆ ತಿನ್ನು."

ಏಳು ವರ್ಷದ ಮೊಮ್ಮಗಳು ತೊಂಡೆಕಾಯಿಯನ್ನು ತಟ್ಟೆಯ ಅಂಚಿಗೆ ತಳ್ಳುತ್ತಾ, "ಅಜ್ಜಿ, ಚಾವಲ್ ಇಷ್ಟೇನಾ?" ಅಂದಳು.

"ಅದನ್ನು ಮುಗಿಸು. ಆಮೇಲೆ ಅನ್ನ ಕೇಳು."

ದಿನಾ ಬೆರಳು ಚುಚ್ಚಿ ನೋಡುವ ಸಣ್ಣ ಮಿಷನ್ ಮನೆಗೆ ಬಂತು. ಬೆಳಿಗ್ಗೆ ನಂಬರು ಚೆನ್ನಾಗಿರುತ್ತಿತ್ತು. ರಾತ್ರಿ ಊಟಕ್ಕೆ ಮೊದಲು ನೋಡಿದರೆ ಮೇಲೆ ಹತ್ತಿ ಕೂತಿರುತ್ತಿತ್ತು. ಒಂದು ವಾರ ಕಳೆದರೂ ಹಾಗೇ. ಭಾನುವಾರ ಮಾತ್ರ ರಾತ್ರಿಯೂ ಸರಿ. ಅಲ್ಲಿಗೆ ನನಗೆ ಕಳ್ಳ ಸಿಕ್ಕಿದ ಹಾಗಾಯಿತು. ಆಫೀಸಿಗೆ ಹೋದ ದಿನ ಏರುತ್ತದೆ, ಮನೆಯಲ್ಲಿದ್ದ ದಿನ ಇಳಿಯುತ್ತದೆ. ಅಂದರೆ ಕ್ಯಾಂಟೀನಿನಲ್ಲಿ ಏನೋ ತಿನ್ನುತ್ತಿದ್ದಾಳೆ. ಮಧ್ಯಾಹ್ನದ ಊಟದ ಡಬ್ಬಿಯ ಜೊತೆ ಸಂಜೆ ಚಹಾದ ಹೊತ್ತಿಗೂ ಅಂತ ಹುರಿದ ಕಡಲೆಯ ಡಬ್ಬಿ ಕಟ್ಟಿ ಕಳಿಸಿದೆ. ಆದರೂ ನಂಬರು ಇಳಿಯಲಿಲ್ಲ.

ಆ ರಾತ್ರಿ ಅವಳು ಬೆರಳು ಚುಚ್ಚಿಕೊಂಡು ಮಿಷನ್ ನೋಡಿ ಸುಮ್ಮನೆ ಕೆಳಗಿಟ್ಟಳು. ನನಗೆ ತಡೆಯಲಾಗಲಿಲ್ಲ.

"ಆಫೀಸಿನಲ್ಲಿ ಎಂತ ತಿನ್ತೀ? ನಿಜ ಹೇಳು. ನಾನಿಲ್ಲಿ ಬೆಲ್ಲ ಮುಟ್ಟದೆ ಅಡಿಗೆ ಮಾಡಿ ಸಾಯ್ತಾ ಇದ್ದೇನೆ, ನೀನು ಅಲ್ಲಿ ಪೇಡಾ ಮುಕ್ತೀಯಾ?"

ಮಗ ಟೀವಿಯ ಸದ್ದು ಕಡಿಮೆ ಮಾಡಿದ.

"ಆಫೀಸಲ್ಲಿ ಏನೂ ತಿನ್ನಲ್ಲ ಅತ್ತೆ. ಮನೆಗೆ ಬಂದ ತಕ್ಷಣ ಬಾಗಿಲಲ್ಲಿ ನೀವೇ ಕೊಡ್ತೀರಲ್ಲ, ಬೆಲ್ಲ ನೀರು."

ನಮ್ಮ ಕಡೆ ಬಿಸಿಲಿನಿಂದ ಬಂದವರಿಗೆ ಮೊದಲು ಒಂದು ತುಂಡು ಬೆಲ್ಲ, ಒಂದು ಚೆಂಬು ನೀರು. ಆಮೇಲೆ ಮಾತು. ಸೊಸೆ ಮದುವೆಯಾಗಿ ಬಂದಾಗಿನಿಂದ ಸಂಜೆ ಅವಳು ಚಪ್ಪಲಿ ಬಿಡುವಷ್ಟರಲ್ಲಿ ನಾನು ಎರಡನ್ನೂ ಹಿಡಿದು ನಿಂತಿರುತ್ತೇನೆ. ಬಸುರಿ ಅಂತ ಈಚೆಗೆ ತುಂಡು ದೊಡ್ಡದೂ ಆಗಿತ್ತು. ಸಾಂಬಾರಿನ ಬೆಲ್ಲ ನಿಲ್ಲಿಸಿದ ಕೈಯೇ ದಿನಾ ಅದನ್ನು ಕೊಡುತ್ತಿತ್ತು. ಅದು ತಿನ್ನುವುದು ಅಂತ ನನಗೆ ಒಂದು ಸಲವೂ ಹೊಳೆಯಲಿಲ್ಲ. ಅದು ಊಟವಲ್ಲ, ತಿಂಡಿಯಲ್ಲ, ಬಂದವರಿಗೆ ಕೊಡುವ ಮರ್ಯಾದೆ. ಪಥ್ಯದ ಹುಡುಗಿಗೆ ಹೇಳಬೇಕು ಅಂತಲೂ ಅನ್ನಿಸಿರಲಿಲ್ಲ.

ಅಷ್ಟೇ ಆಗಿದ್ದರೆ ನನ್ನ ತಲೆಗೆ ಬುದ್ಧಿಯಿಲ್ಲ ಅಂತ ಬಿಡಬಹುದಿತ್ತು. ನನಗೆ ಹೆದರಿಕೆಯಾದದ್ದು ಬೇರೆಯದಕ್ಕೆ.

"ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ಬಾಯಿಗೆ ಎಂತ ಆಗಿತ್ತು ನಿನಗೆ?"

"ಹೇಗೆ ಬೇಡ ಅನ್ನಲಿ ಅತ್ತೆ? ನೀವು ಗಡಿಯಾರ ನೋಡ್ಕೊಂಡು ಕಾಯ್ತಾ ನಿಂತಿರ್ತೀರ. ಅರ್ಧ ಬಾಯಲ್ಲಿಟ್ಕೊಂಡು ಬಾತ್‌ರೂಮಲ್ಲಿ ಉಗಿಯೋಣ ಅಂತ ನೋಡಿದೆ. ಆಗಲಿಲ್ಲ, ಕರಗಿಹೋಗುತ್ತೆ."

ಇಂಗ್ಲಿಷಿನಲ್ಲಿ ಆಫೀಸು ನಡೆಸುವ ಹೆಂಗಸು, ಹೊಟ್ಟೆಯಲ್ಲಿರುವ ಮಗುವಿಗೆ ಕೆಟ್ಟದು ಅಂತ ಗೊತ್ತಿದ್ದೂ, ಅತ್ತೆಗೆ ಬೇಜಾರಾದೀತು ಅಂತ ದಿನಾ ನುಂಗುತ್ತಿದ್ದಳು. ಇನ್ನೂ ಏನೇನು ನುಂಗಿದ್ದಾಳೋ ಈ ಮನೆಯಲ್ಲಿ. ಅದನ್ನು ಕೇಳುವ ಧೈರ್ಯ ನನಗೆ ಬರಲಿಲ್ಲ.

"ನನ್ನ ಬೇಜಾರು ಎಂತ ಚಿನ್ನವಾ?" ಅಂದೆ. "ನಾಳೆಯಿಂದ ಬೇಡದ್ದನ್ನು ಬೇಡ ಅನ್ನು. ನನ್ನ ಮುಖ ಊದಿದರೆ ಊದಲಿ."

ಮರುದಿನದಿಂದ ಬಾಗಿಲಲ್ಲಿ ನೀರು ಮಾತ್ರ ಕೊಟ್ಟೆ. ಬರೀ ಚೆಂಬು ಹಿಡಿದು ನಿಲ್ಲಲು ಕೈ ಖಾಲಿ ಖಾಲಿ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ರಾತ್ರಿಯ ನಂಬರು ಇಳಿಯಿತು, ಮತ್ತೆ ಏರಲಿಲ್ಲ. ಎರಡು ವಾರ ಮುಗಿದಾಗ ಡಾಕ್ಟರಮ್ಮ ಎಲ್ಲ ನೋಡಿ, ಸದ್ಯಕ್ಕೆ ಇಂಜೆಕ್ಷನ್ ಬೇಡ, ಹೀಗೇ ನಡೆಸಿಕೊಂಡು ಹೋಗಿ, ಬೆರಳು ಚುಚ್ಚುವುದನ್ನು ಬಿಡಬೇಡಿ ಅಂದರು.

ಆ ಸಂಜೆ ನನಗೆ ಖುಷಿ. ಊಟಕ್ಕೆ ಕೂತಾಗ ಸೊಸೆಯ ತಟ್ಟೆಗೆ ಇನ್ನೊಂದು ಸೌಟು ಅನ್ನ ಹಾಕಲು ಕೈ ಮುಂದೆ ಹೋಗಿಯೇ ಬಿಟ್ಟಿತು. ಅವಳು ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದಳು.

"ಬೇಡ ಅತ್ತೆ."

ಈ ಮನೆಯಲ್ಲಿ ನನ್ನ ಸೌಟಿಗೆ ಯಾರೂ ಕೈ ಅಡ್ಡ ಹಿಡಿದದ್ದಿಲ್ಲ, ನನ್ನ ಗಂಡ ಕೂಡ. ಒಂದು ಕ್ಷಣ ಮುಖಕ್ಕೆ ಹೊಡೆದ ಹಾಗಾಯಿತು. ಅವಳು ಕೈ ತೆಗೆಯಲಿಲ್ಲ. ನಾನು ಅನ್ನವನ್ನು ಪಾತ್ರೆಗೇ ಹಾಕಿ ಮುಚ್ಚಳ ಮುಚ್ಚಿದೆ.